ತೀರಿಕೊಂಡವರ ಪೂರ್ತಿ ಹಾಜರಿ

23 ಸೆಪ್ಟೆಂಬರ್ 2024, ಬೆಳಗ್ಗೆ 10.20. ರಾಯಬಾಗ ಠಾಣೆಗೆ ಬಂದ ರುಕ್ಮವ್ವ ನಿಂತಲ್ಲೇ ದೂರು ಹೇಳಿದಳು.

"ಶುಕ್ರವಾರ ಹಾಲಿನ ಸಂಘದ ಸಭಾಕ್ಕ ನಮ್ಮ ಯಜಮಾನ್ರು ಬಂದು ಸಹಿ ಮಾಡ್ಯಾರಂತ್ರಿ."

"ಮಾಡ್ಲಿ ಬಿಡವ್ವಾ. ಅದರಾಗ ತಪ್ಪೇನೈತಿ?" ಅಂದರು ಪಿಎಸ್‌ಐ ಸುಧೀರ.

"ಅವರು ತೀರಿಕೊಂಡು ಮೂರು ವರ್ಷಾತ್ರಿ."

ಸುಧೀರ ಚಹಾದ ಕಪ್ಪು ಕೆಳಗಿಟ್ಟರು. ಎಮ್ಮೆ ಮೇಯಿಸುವವಳು, ಹಿಂಡುವವಳು, ಹಾಲು ಹಾಕುವವಳು ರುಕ್ಮವ್ವ. ಆದರೆ ಸಭೆಯಲ್ಲಿ ಮಾತಾಡಲು ಎದ್ದರೆ, 'ನಿಮ್ಮ ಮನಿಯಿಂದ ಒಬ್ಬರು ಬಂದಾರ, ಕುಂದ್ರು' ಅಂದಿದ್ದರಂತೆ. ಮನೆಗೊಬ್ಬರೇ ಸದಸ್ಯರು ಎಂಬುದು ನಿಯಮ; ಗಂಡ ವಿರುಪಾಕ್ಷಪ್ಪ ಸಂಘದ ಪುಸ್ತಕದಲ್ಲಿ ಬದುಕಿರುವ ತನಕ ಅವಳು ಸದಸ್ಯಳಾಗುವ ಹಾಗಿರಲಿಲ್ಲ. 11.05ಕ್ಕೆ ನಕಲಿ ಸಹಿಯ ಎಫ್‌ಐಆರ್ ಆಯಿತು.

ಮಧ್ಯಾಹ್ನ 2ಕ್ಕೆ ಸುಧೀರ ಅಲಖನೂರ ಆಚೆ ರುಕ್ಮವ್ವನ ವಸ್ತಿಯಲ್ಲಿದ್ದ ಸಂಘದ ಕಚೇರಿಗೆ ಹೋಗಿ, ಪಂಚರ ಎದುರು ಹಾಜರಿ ಪುಸ್ತಕ ವಶಪಡಿಸಿಕೊಂಡು ಪಂಚನಾಮೆ ಬರೆದರು. ಪೇದೆ ಮಾಳೇಶ ಸದಸ್ಯರ ಪಟ್ಟಿ ಹಿಡಿದು ಮನೆಮನೆ ತಿರುಗಿ, 5.30ಕ್ಕೆ ಬೆವರೊರೆಸುತ್ತ ಬಂದ.

"ಸದಸ್ಯರು ಇನ್ನೂರಾ ಹನ್ನೆರಡು ಸಾಹೇಬ್ರ. ಅದರಾಗ ಮೂವತ್ತೆಂಟು ಮಂದಿ ತೀರಿ ಹೋಗ್ಯಾರ. ಶುಕ್ರವಾರ ಬದುಕಿದ್ದವರು ಅರ್ಧಾನೂ ಬಂದಿಲ್ಲ, ಸತ್ತವರು ಒಬ್ಬರೂ ತಪ್ಪಿಸಿಲ್ರಿ."

ಸುಧೀರರಿಗೆ ನಗು ಬಂತು. ಸಮವಸ್ತ್ರದ ಮರ್ಯಾದೆಗೆ ಕೆಮ್ಮಿದರು. ಮೂವತ್ತೆಂಟೂ ಸಹಿ ಒಂದೇ ಕೈಯವು. ಆ ಪುಸ್ತಕ ಮುಟ್ಟುವವನು ಕಾರ್ಯದರ್ಶಿ ಧರೆಪ್ಪ ಒಬ್ಬನೇ.

"ಯಾಕ ಮಾಡಿದ್ರಿ?"

ಧರೆಪ್ಪ ಕಪಾಟಿನಿಂದ ಒಂದು ಕಾಗದ ತೆಗೆದುಕೊಟ್ಟ. 2019ರ ವರದಿಯಲ್ಲಿ ಪಾಪ, ನಾಲ್ವರು ಸದಸ್ಯರು ಕಡಿಮೆ ಎಂದು ಇದ್ದದ್ದನ್ನೇ ತೋರಿಸಿದ್ದ. ಮೇಲಿನ ಕಚೇರಿ ಕಾರಣ ಕೇಳಿತು. 'ಮರಣ' ಎಂದು ಬರೆದ. ಅದಕ್ಕೆ ಬಂದ ಉತ್ತರವನ್ನು ಸುಧೀರ ಎರಡು ಸಲ ಓದಿದರು: 'ಸಮಜಾಯಿಷಿ ತೃಪ್ತಿಕರವಾಗಿಲ್ಲ. ಮುಂದೆ ಹೀಗೆ ಮರುಕಳಿಸದಂತೆ ಕ್ರಮ ವಹಿಸುವುದು.'

"ಕ್ರಮ ವಹಿಸೀನ್ರಿ," ಅಂದ ಧರೆಪ್ಪ. "ಅವತ್ತಿಂದ ಯಾರನ್ನೂ ಸಾಯಾಕ ಬಿಟ್ಟಿಲ್ಲ."

ಬಾಗಿಲಲ್ಲಿದ್ದ ರುಕ್ಮವ್ವ ಒಳಗೆ ಬಂದಳು. "ಧರೆಪ್ಪಣ್ಣಾ, ಅವರ ಹೆಸರ ತಗದು ನನ್ನ ಹೆಸರ ಬರದಿದ್ರ ನಿನ್ನ ಲೆಕ್ಕ ಎಲ್ಲಿ ಕಡಿಮಿ ಆಗ್ತಿತ್ತು?"

ಧರೆಪ್ಪ ಬೆರಳು ಮಡಚಿ ಎಣಿಸತೊಡಗಿದ. ಮೂವತ್ತೆಂಟೂ ಮನೆಗಳಲ್ಲಿ ಹಾಲು ಹಿಂಡುವ ಹೆಂಗಸರಿದ್ದರು. ಅವನ ಮುಖ ಇಳಿಯಿತು.

ಅಷ್ಟರಲ್ಲಿ ಮಾಳೇಶ ಅದೇ ಕಪಾಟಿನಿಂದ ಮೂರು ಲಕೋಟೆ ತೆಗೆದ. ಮೂರೂ ಸದಸ್ಯತ್ವ ಕೇಳಿದ ರುಕ್ಮವ್ವನ ಅರ್ಜಿ, ವರ್ಷಕ್ಕೊಂದು.

"ಇವನ್ಯಾಕ ಒಡದಿಲ್ಲ?"

"ಹೆಣ್ಮಗಳ ಅರ್ಜಿ ಅಂತ ಬಿಟ್ಟಿದ್ನಿರಿ."

6.15ಕ್ಕೆ ಬಂಧನ. ಧರೆಪ್ಪನಿಗೆ ದುರಾಸೆ ಇರಲಿಲ್ಲ, ಹೆದರಿಕೆ ಇತ್ತು. ಮೇಲಿನವರ ಕಾಗದವನ್ನು ಮಡಿಕೆ ಹರಿಯುವಷ್ಟು ಸಲ ಓದಿದ್ದ. ರುಕ್ಮವ್ವನದನ್ನು ಒಮ್ಮೆಯೂ ತೆರೆದಿರಲಿಲ್ಲ. ಸುದ್ದಿ ತಿಳಿದು ಬಂದ ಸಂಘದ ಅಧ್ಯಕ್ಷರು ಪೊಲೀಸರ ಎದುರೇ ಲಕೋಟೆ ಒಡೆದು ಅರ್ಜಿ ಓದಿ ಮಂಜೂರು ಮಾಡಿದರು. ಹಳೆಯ ಪುಸ್ತಕ ಠಾಣೆಗೆ ಹೋಯಿತು. ಹೊಸದರ ಮೊದಲ ಸಾಲಿನಲ್ಲಿ ರುಕ್ಮವ್ವ ತಾನೇ ಸಹಿ ಮಾಡಿದಳು.