ಗುಳುಮನ ಬೋಗುಣಿ

ವಾಸನೆ ಮೊದಲು ತಲುಪಿದ್ದು ಫರ್ನಿಚರ್ ಸಾಹುಕಾರನ ಮೂಗಿಗೆ.

ಬಾಯಿಯ ಹತ್ತಿರ ಹೋಗಿದ್ದ ಅವನ ಕೈ ತುತ್ತಿನ ಸಮೇತ ಅಲ್ಲೇ ನಿಂತಿತು. ಆಮೇಲೆ ಅದು ಪಕ್ಕದಲ್ಲಿ ಕೂತಿದ್ದ ಮನೆಯ ಯಜಮಾನನಿಗೆ ಗೊತ್ತಾಯಿತು. ಬಾಗಿಲ ಬಳಿ ಸ್ಟೂಲಿನ ಮೇಲೆ ತಟ್ಟೆ ಹಿಡಿದು ಕೂತಿದ್ದ ಪಶು ಆಸ್ಪತ್ರೆಯ ಕಂಪೌಂಡರಿಗೂ ಗೊತ್ತಾಯಿತು. ಅನ್ನದ ಪಾತ್ರೆ ಹಿಡಿದು ಅಡುಗೆಮನೆಯಿಂದ ಬರುತ್ತಿದ್ದ ಯಜಮಾನನ ತಂಗಿಗಂತೂ ಹೊಸಿಲು ದಾಟುವ ಮೊದಲೇ ಗೊತ್ತಿತ್ತು. ಮೇಜಿನ ಕೆಳಗೆ ನಾಯಿ ಗುಳುಮ ಏನೂ ಅರಿಯದವನಂತೆ ಮಲಗಿದ್ದ.

ವರ್ಷವಿಡೀ ಮರ ಕೊಳ್ಳುವ ಗಿರಾಕಿ ಮನೆಗೆ ಊಟಕ್ಕೆ ಬಂದಿದ್ದಾನೆ. ಅವನ ಮುಂದೆ ತನ್ನ ನಾಯಿ ನಾರುತ್ತದೆ ಎಂದು ಒಪ್ಪಿಕೊಳ್ಳಲು ಮರ ಕೊಯ್ಯುವ ಮಿಲ್ಲಿನ ಯಜಮಾನನಿಗೆ ಮನಸ್ಸಾಗಲಿಲ್ಲ. ಅವನು ತಂಗಿಯ ಕಡೆ ತಿರುಗಿದ.

"ಏನೇ, ಬಡಿಸೋವಾಗಲಾದ್ರೂ ಸ್ವಲ್ಪ ತಡ್ಕೊಳ್ಳೋಕಾಗಲ್ವಾ? ತಪ್ಪು ತಿಳ್ಕೋಬೇಡಿ ಸಾಹುಕಾರ್ರೇ, ನನ್ನ ತಂಗಿ. ಒಲೆ ಮುಂದೆ ನಿಂತು ಗಬಗಬ ಅಂತ ತಿಂದ್ಬಿಡ್ತಾಳೆ. ಆಮೇಲೆ ಹೀಗೆ."

ಸಾಹುಕಾರ ಹೊಟ್ಟೆ ಕುಣಿಸಿ ನಕ್ಕ. ಅತ್ತಿಗೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ತಂಗಿ ತಲೆ ಎತ್ತಿದಾಗ ಎದುರಿಗೆ ಕಂಡದ್ದು ಆ ಕಂಪೌಂಡರನ ಮುಖ. ಅವನ ತುಟಿಯೂ ಅರಳಿತ್ತು.

ಮಿಕ್ಕವರ ನಗು ಅವಳಿಗೆ ಅಭ್ಯಾಸವಾಗಿತ್ತು. ಯಾಕೋ, ಗುರುತು ಪರಿಚಯವಿಲ್ಲದ ಈ ಮನುಷ್ಯನ ಅರ್ಧ ನಗು ಎದೆಯೊಳಗೆ ಮುರಿದ ಮುಳ್ಳಿನ ಹಾಗೆ ಉಳಿಯಿತು.

ಅಷ್ಟರಲ್ಲಿ ಗುಳುಮ ಇನ್ನೊಂದು ಬಿಟ್ಟ. ಈ ಸಲ ಸದ್ದೂ ಬಂತು, ಬಂದದ್ದು ಮೇಜಿನ ಕೆಳಗಿನಿಂದ.

"ಇದೂ ನಿಮ್ಮ ತಂಗೀನೇನಾ?" ಎಂದ ಸಾಹುಕಾರ.

ಅಣ್ಣನ ಮುಖ ಕೆಂಪಾಯಿತು. ಮೇಜಿನ ಕೆಳಗೆ ಕಾಲು ಬೀಸಿದ. ಗುಳುಮ ಕುಂಯ್ ಎಂದು ಹೊರಗೆ ಓಡಿದ.

"ಏನಯ್ಯಾ ಕಂಪೌಂಡರ್, ಹುಚ್ಚಿನ ಸೂಜಿ ಹಾಕೋಕೆ ಬಂದಿದ್ದೀಯಲ್ಲ. ಅದು ಬೇಡ. ಮಲಗಿದ್ದು ಮತ್ತೆ ಏಳಬಾರದು, ಅಂಥ ಸೂಜಿ ಹಾಕು."

ಕಂಪೌಂಡರ್ ಕೈ ತೊಳೆದುಕೊಂಡು ಬಂದು ಹೇಳಿದ. "ಮೊದಲು ಒಂದ್ಸಲ ಅದು ಉಣ್ಣೋದನ್ನ ನೋಡ್ತೀನಿ."

ಸಾಹುಕಾರ ಹೋದ ಮೇಲೆ ಮರದ ಹೊಟ್ಟಿನ ಗುಡ್ಡೆಯ ಪಕ್ಕ ಗುಳುಮನ ತಗಡಿನ ಬೋಗುಣಿ ಇಟ್ಟರು. ಮೂರು ವರ್ಷದ ಹಿಂದೆ ದಿಮ್ಮಿಗಳ ಸಂದಿಯಲ್ಲಿ ಕಣ್ಣು ಬಿಡದ ಮರಿಯಾಗಿ ಅವಳಿಗೆ ಸಿಕ್ಕಿದ್ದವನು ಅವನು. ಬಟ್ಟೆಯ ತುದಿಯನ್ನು ಹಾಲಿನಲ್ಲಿ ಅದ್ದಿ ಕುಡಿಸಿ ಬದುಕಿಸಿದ್ದಳು. ಆ ಮನೆಯಲ್ಲಿ ಅವಳು ಒಳಗೆ ಬಂದರೆ ಎಲ್ಲರಿಗೂ ಹೇಳಬೇಕಾದ ಒಂದೊಂದು ಕೆಲಸ ನೆನಪಾಗುತ್ತಿತ್ತು. ಅವಳು ಬಂದಳೆಂಬ ಸಂತೋಷಕ್ಕೆ ಎದ್ದು ನಿಲ್ಲುತ್ತಿದ್ದವನು ಗುಳುಮ ಒಬ್ಬನೇ.

ಗುಳುಮ ಮೂತಿ ಹಾಕಿದ. ಅಗಿಯುವುದೆಂಬುದೇ ಇಲ್ಲ. ನುಂಗುವ ಸದ್ದಷ್ಟೇ. ಅರ್ಧ ಖಾಲಿಯಾಗುವ ಹೊತ್ತಿಗೆ ಅಣ್ಣ ಬಗ್ಗಿ ಬೋಗುಣಿಯನ್ನು ಎತ್ತಿಬಿಟ್ಟ.

"ಯಾಕೆ ಎತ್ತಿದ್ರಿ?" ಕಂಪೌಂಡರ್ ಕೇಳಿದ.

"ಶಿಸ್ತು ಕಣಯ್ಯಾ. ಮರಿಯಿಂದ ದಿನಾ ಹೀಗೇ ಮಾಡ್ತೀನಿ. ಎತ್ತಿದಾಗ ಸುಮ್ನೆ ನಿಲ್ಲಬೇಕು. ಅನ್ನ ಹಾಕೋರು ಯಾರು ಅಂತ ಗೊತ್ತಿರಬೇಕು." ಅಣ್ಣ ತಂಗಿಯ ಕಡೆ ಗದ್ದ ತೋರಿಸಿದ. "ಅಪ್ಪ ಅಮ್ಮ ಹೋದಾಗ ಇವಳಿಗೆ ಒಂಬತ್ತು ವರ್ಷ. ಇವಳನ್ನೂ ಹೀಗೇ ತಿದ್ದಿದ್ದು. ಎದುರು ಮಾತಾಡಿದ್ಲೋ, ತಟ್ಟೆ ಎತ್ತಿಬಿಡೋದು. ಈಗ ನೋಡು, ಮಾತೇ ಇಲ್ಲ."

ಅವಳು ಕಾಲಿನ ಬೆರಳಿನಿಂದ ಹೊಟ್ಟು ಕೆದಕುತ್ತ ನಿಂತಳು. ಕಂಪೌಂಡರ್ ಒಮ್ಮೆ ನಾಯಿಯನ್ನು ನೋಡಿದ, ಒಮ್ಮೆ ಅವಳನ್ನು.

"ಒಂದು ತಿಂಗಳು ಕೊಡಿ," ಎಂದ. "ಊಟ ಇವರೇ ಹಾಕ್ಲಿ. ನೀವು ಬೋಗುಣಿ ಹತ್ರ ಬರಬೇಡಿ."

"ಆಗಲಿ. ತಿಂಗಳಾದ ಮೇಲೂ ನಾರಿದ್ರೆ ಸೂಜಿ. ನೀನೇ ಹಾಕ್ಬೇಕು."

*

ವಾರಕ್ಕೆರಡು ಸಲ ಕಂಪೌಂಡರ್ ಸೈಕಲ್ಲಿನಲ್ಲಿ ಬರತೊಡಗಿದ.

"ಅವನು ಹಸಿವಿಗೆ ಹಾಗೆ ತಿನ್ನಲ್ಲ, ಹೆದರಿಕೆಗೆ ತಿಂತಾನೆ," ಎಂದು ಮೊದಲ ದಿನವೇ ಹೇಳಿದ. "ಅನ್ನಕ್ಕಿಂತ ಗಾಳಿನೇ ಜಾಸ್ತಿ ನುಂಗ್ತಾನೆ. ಒಳಗೆ ಹೋದ ಗಾಳಿ ಎಲ್ಲಾದ್ರೂ ಹೊರಗೆ ಬರ್ಬೇಕಲ್ಲ."

ಹಳ್ಳದಿಂದ ನುಣುಪಾದ ಕಲ್ಲೊಂದನ್ನು ಆರಿಸಿ ತಂದು ಬೋಗುಣಿಯ ನಡುವೆ ಇಟ್ಟ. ಅದರ ಸುತ್ತ ನಾಲಿಗೆ ಹಾಕಿ ಹುಡುಕಿ ತಿನ್ನಬೇಕು.

"ಇದಕ್ಕಿಂತ ಸಣ್ಣ ಕಲ್ಲು ಇಡಬೇಡಿ. ಇವನನ್ನ ನಂಬೋಕಾಗಲ್ಲ, ಅದನ್ನೂ ನುಂಗಿಬಿಡ್ತಾನೆ."

ಅವಳಿಗೆ ನಗು ಬಂತು. ತಕ್ಷಣ ಆ ಮಧ್ಯಾಹ್ನ ನೆನಪಾಗಿ ತುಟಿ ಬಿಗಿದುಕೊಂಡಳು.

ಒಂದು ಹೊತ್ತಿನ ಊಟವನ್ನು ಮೂರು ಪಾಲು ಮಾಡಬೇಕು. ತಿಂದ ಮೇಲೆ ಒಂದು ಗಂಟೆ ಓಡಿಸಬಾರದು. ಎಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದಿತ್ತು.

"ಅವನು ತಿನ್ನೋವಾಗ ನಿಮ್ಮ ಕೈ ಹತ್ರ ಹೋಯ್ತು ಅಂದ್ರೆ ಒಂದು ಚೂರು ಮಾಂಸನೋ, ಮೊಟ್ಟೆನೋ ಬೀಳಬೇಕು. ಕೈ ಬಂದ್ರೆ ಹೆಚ್ಚಾಗುತ್ತೆ, ಕಡಿಮೆ ಆಗಲ್ಲ. ಇಷ್ಟು ಅವನ ತಲೆಗೆ ಹೋದ್ರೆ ಸಾಕು. ಒಂದೇ ಒಂದು ಸಲವೂ ಕಿತ್ಕೋಬಾರದು."

ಹತ್ತು ದಿನ ಏನೂ ಆಗಲಿಲ್ಲ. ಹನ್ನೊಂದನೆಯ ದಿನ ಗುಳುಮ ತಿನ್ನುತ್ತ ತಿನ್ನುತ್ತ ತಲೆ ಎತ್ತಿ ಅವಳ ಕೈ ನೋಡಿದ. ಬರುತ್ತದೆಯೇ ಎಂಬ ನೋಟ. ಅವಳು ಮೊಟ್ಟೆಯ ಚೂರು ಹಾಕಿದಳು. ಅವನು ಅದನ್ನು ಅಗಿದ. ನಿಜವಾಗಿಯೂ ಅಗಿದ.

ಅವತ್ತು ಅವಳೂ ದಿಮ್ಮಿಯ ಮೇಲೆ ಕೂತು ತಟ್ಟೆ ತೊಡೆಯ ಮೇಲಿಟ್ಟುಕೊಂಡಿದ್ದಳು. ಕಂಪೌಂಡರ್ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ ತಿರುಗುವಷ್ಟರಲ್ಲಿ ತಟ್ಟೆ ಖಾಲಿ. ಎಡಗೈ ಇನ್ನೂ ತಟ್ಟೆಯನ್ನು ಬೇಲಿಯ ಹಾಗೆ ಬಳಸಿಕೊಂಡೇ ಇತ್ತು. ಅವನು ತನ್ನ ಡಬ್ಬಿ ತೆರೆದು ಬೇಯಿಸಿದ ಮೊಟ್ಟೆಯೊಂದನ್ನು ಅವಳ ತಟ್ಟೆಗೆ ಹಾಕಿ, ನಾಯಿಯ ಹೊಟ್ಟೆ ಮುಟ್ಟಿ ನೋಡುವ ನೆಪದಲ್ಲಿ ಅತ್ತ ತಿರುಗಿದ.

ಮುಂದಿನ ಸಲವೂ ಹಾಗೇ. ಮೂರನೆಯ ಸಲ ಅವಳು ತಟ್ಟೆಯನ್ನು ಕೆಳಗಿಟ್ಟಳು.

"ನಾನೇನು ನಿಮ್ಮ ನಾಯೀನಾ?"

"ಅಲ್ಲ."

"ಮತ್ತೆ ಇದೇನು? ಅವನಿಗೊಂದು ಚೂರು, ನನಗೊಂದು ಚೂರು. ಅವತ್ತು ಊಟಕ್ಕೆ ಕೂತಾಗ ನೀವೂ ನಕ್ಕಿದ್ರಿ."

"ನಕ್ಕೆ," ಎಂದ ಅವನು. "ನಾರ್ತಿದ್ದದ್ದು ನಾಯಿ ಅಂತ ಗೊತ್ತಿದ್ದೂ ನಕ್ಕೆ. ದೊಡ್ಡೋರು ನಗ್ತಿದ್ರು, ಅದಕ್ಕೆ."

ಅವಳು ಕಾದಳು. ಇದರ ಬೆನ್ನಿಗೇ 'ಆದರೆ' ಎಂಬ ಮಾತೊಂದು ಬರುತ್ತದೆ, ಯಾವಾಗಲೂ ಬರುತ್ತದೆ. ಅದು ಬರಲಿಲ್ಲ. ಅವನು ಡಬ್ಬಿಯ ಮುಚ್ಚಳ ಹಾಕುತ್ತ ತಲೆ ತಗ್ಗಿಸಿ ಕೂತಿದ್ದ.

'ಇವನು ಸುಳ್ಳು ಹೇಳಬಹುದಿತ್ತು... ಹೇಳಲಿಲ್ಲವಲ್ಲ,' ಎಂದುಕೊಂಡಳು. ತಟ್ಟೆಯನ್ನು ಮತ್ತೆ ತೊಡೆಗೆ ಎತ್ತಿಕೊಂಡಳು.

*

ತಿಂಗಳು ತುಂಬಿದ ಭಾನುವಾರ ಅಣ್ಣ ಗುಳುಮನನ್ನು ಒಳಗೆ ಕರೆಸಿ ಒಂದು ಗಂಟೆ ಪಕ್ಕದಲ್ಲಿ ಕೂರಿಸಿಕೊಂಡ. ಮೂಗು ಅರಳಿಸಿ ನೋಡಿದ. ಏನೂ ಇಲ್ಲ.

"ಪರವಾಗಿಲ್ವೇ," ಎಂದ. "ಇನ್ನು ಇದನ್ನ ಸಾಹುಕಾರ್ರಿಗೆ ಕೊಟ್ಬಿಡಬಹುದು. ಗೋಡೌನಿಗೆ ಒಂದು ನಾಯಿ ಬೇಕು ಅಂತಿದ್ರು. ಗುರುವಾರ ಬರ್ತಾರೆ."

ಅವಳು ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟಳು. "ಅಣ್ಣ... ಸೂಜಿ ಹಾಕ್ಬಾರ್ದು ಅಂತ ತಾನೇ ಇಷ್ಟೆಲ್ಲ ಮಾಡಿದ್ದು."

"ಹಾಕ್ತಿಲ್ವಲ್ಲ. ಬದುಕಿರುತ್ತೆ, ಅಲ್ಲಿರುತ್ತೆ."

"ನಾನು ಬೆಳೆಸಿದ್ದು ಅವನನ್ನ."

"ಬೆಳೆಸಿದ್ದು ಯಾರ ಅನ್ನದಲ್ಲಿ?" ಅಣ್ಣ ಶಾಂತವಾಗಿಯೇ ಕೇಳಿದ. "ನಿನ್ನನ್ನ ಬೆಳೆಸಿದ್ದು ಯಾರ ಅನ್ನದಲ್ಲಿ?"

ಅತ್ತಿಗೆ ಬಟ್ಟೆ ಮಡಚುತ್ತ ಸೇರಿಸಿದಳು. "ನಾಯಿಗಾದ್ರೂ ಕೇಳೋರು ಬಂದ್ರಲ್ಲ. ಸಂತೋಷ ಪಡು."

ಆ ಸಂಜೆ ಅವಳು ಹೊಟ್ಟಿನ ಗುಡ್ಡೆಯ ಮೇಲೆ ಕೂತು ಯೋಚಿಸಿದಳು. ನಾರದ ನಾಯಿಯನ್ನು ಕೊಂಡುಹೋಗುತ್ತಾರೆ. ನಾರುವ ನಾಯಿಯನ್ನು ಯಾರೂ ಕೊಂಡುಹೋಗುವುದಿಲ್ಲ. ಇದರ ಮುಂದೆ ಇನ್ನೊಂದು ಹೆಜ್ಜೆ ಇದೆ, ಅದು ಸೂಜಿ ಎಂಬುದು ಅವಳಿಗೆ ಹೊಳೆಯಲಿಲ್ಲ. ಗುರುವಾರವೊಂದೇ ಕಣ್ಣ ಮುಂದಿತ್ತು.

ಸೋಮವಾರ ಬೆಳಿಗ್ಗೆ ಕಲ್ಲು ತೆಗೆದಿಟ್ಟಳು. ಇಡೀ ಊಟವನ್ನು ಒಂದೇ ಸಲ ಸುರಿದಳು. ಗುಳುಮ ನಿಧಾನವಾಗಿ ತಿನ್ನತೊಡಗಿದ. ಅವಳ ಕೈ ಬೋಗುಣಿಯ ಹತ್ತಿರ ಹೋಯಿತು. ಗುಳುಮ ತಲೆ ಎತ್ತಿ, ಬಾಯಿ ಅರೆ ತೆರೆದು, ಬಾಲ ಅಲ್ಲಾಡಿಸಿದ.

ಅವಳು ಬೋಗುಣಿ ಎತ್ತಿಕೊಂಡಳು.

ಅವನು ಗುರುಗುಟ್ಟಲಿಲ್ಲ. ಖಾಲಿ ನೆಲವನ್ನೊಮ್ಮೆ, ಅವಳ ಕೈಯನ್ನೊಮ್ಮೆ ನೋಡಿದ. ಏನೋ ತಪ್ಪಾಗಿರಬೇಕು, ಈಗ ಸರಿಹೋಗುತ್ತದೆ ಎಂಬಂತೆ ಬಾಲ ಅಲ್ಲಾಡಿಸುತ್ತಲೇ ಇದ್ದ.

ಮಧ್ಯಾಹ್ನವೂ ಎತ್ತಿದಳು. ಸಂಜೆಯೂ. ಮಂಗಳವಾರದ ಹೊತ್ತಿಗೆ ಅವನ ಬಾಲ ನಿಂತಿತ್ತು. ಬುಧವಾರ ಮೊದಲಿನ ಹಾಗೆಯೇ ನುಂಗತೊಡಗಿದ. ಬೋಗುಣಿ ಎತ್ತುತ್ತ ಅವಳ ಮೂಗಿನ ತುದಿಯಿಂದ ಕಣ್ಣೀರು ತಗಡಿನ ಮೇಲೆ ಬಿತ್ತು.

"ಅಣ್ಣನ ಕೈ ನಿಮಗೂ ಬಂತು."

ತಿರುಗಿದಳು. ಸೈಕಲ್ ಹಿಡಿದು ಕಂಪೌಂಡರ್ ನಿಂತಿದ್ದ. ಬಣ್ಣವೇ ಇರಲಿಲ್ಲ ಅವನ ಮುಖದಲ್ಲಿ.

"ಒಂದು ತಿಂಗಳು ನಾನು ಯಾರ ಹತ್ರ ಮಾತಾಡಿದೆ? ಮೊದಲಿಂದಲೂ ಕಿತ್ಕೊಳ್ತಿದ್ದದ್ದು ನೀವೂನಾ?"

ಅಡುಗೆಮನೆಯ ಕಿಟಕಿಯಲ್ಲಿ ಅತ್ತಿಗೆಯ ನೆರಳಿತ್ತು. ಕಾರಣ ಹೇಳಿದರೆ ಅಣ್ಣನ ಕಿವಿಗೆ ಹೋಗುತ್ತದೆ. ಅದಕ್ಕಿಂತಲೂ ಹೆಚ್ಚಾಗಿ, ಇವನೂ ಕೇಳುವ ಮೊದಲೇ ತೀರ್ಪು ಕೊಟ್ಟುಬಿಟ್ಟನಲ್ಲ ಎಂಬುದು ಅವಳನ್ನು ಚುಚ್ಚಿತು.

"ಹೂಂ," ಎಂದಳು. "ಒಂದೇ ರಕ್ತ ಅಲ್ವಾ."

ಅವನು ಸೈಕಲ್ ತಿರುಗಿಸಿಕೊಂಡು ಹೋದ.

*

ಗುರುವಾರ ಸಾಹುಕಾರ ಗುಳುಮನನ್ನು ಕಾರಿನ ಹಿಂದಿನ ಸೀಟಿಗೆ ಹತ್ತಿಸಿಕೊಂಡ. ಗೇಟು ದಾಟುವ ಮೊದಲೇ ಕಾರು ನಿಂತು ನಾಲ್ಕೂ ಬಾಗಿಲು ತೆರೆದುಕೊಂಡವು. ಅವನು ಕರವಸ್ತ್ರ ಮೂಗಿಗೆ ಒತ್ತಿಕೊಂಡು, "ನನ್ನ ಜೊತೆ ತಮಾಷೆನಾ?" ಎಂದು ಹಗ್ಗವನ್ನು ಅಣ್ಣನ ಕೈಗೆ ಎಸೆದು ಹೋದ.

ಅಣ್ಣ ಆಸ್ಪತ್ರೆಗೆ ಫೋನ್ ಮಾಡಿದ. "ಹೇಳಿದ್ನಲ್ಲ, ಸೂಜಿ ತಗೊಂಡು ಬಾ."

ಕಳೆದುಕೊಳ್ಳಬಾರದೆಂದು ಮಾಡಿದ್ದೇ ಕೊಲ್ಲಲು ಹೊರಟಿತ್ತು.

ಕಂಪೌಂಡರ್ ಚೀಲದೊಂದಿಗೆ ಬಂದ. ಅವಳ ಕಡೆ ನೋಡಲಿಲ್ಲ.

"ಭಾನುವಾರದವರೆಗೂ ಸರಿಯಾಗೇ ಇತ್ತು," ಎಂದಳು ಅತ್ತಿಗೆ. "ಸೋಮವಾರದಿಂದ ಇವಳೇ ಕಿತ್ಕೊಳ್ತಾ ಇದ್ಲು. ಸಾಹುಕಾರ್ರು ಒಯ್ಯಬಾರ್ದು ಅಂತ. ಕಿಟಕೀಲಿ ನೋಡ್ತಾನೇ ಇದ್ದೆ."

"ನೋಡಿ ಸುಮ್ನಿದ್ಯಾ?" ಅಣ್ಣ ಕೇಳಿದ.

"ನಾಯಿ ತೊಲಗಿದ್ರೆ ಸಾಕಿತ್ತು ನನಗೆ. ಹೇಗಾದ್ರೇನು?"

ಕಂಪೌಂಡರ್ ಚೀಲದ ಬಕಲಿನ ಮೇಲೆ ಕೈ ಇಟ್ಟವನು ಹಾಗೆಯೇ ನಿಂತ. ಈಗ ಅವಳನ್ನು ನೋಡಿದ. ಸೋಮವಾರದಿಂದ... ಮೂರೇ ದಿನ.

ಅಣ್ಣ ಹಗ್ಗವನ್ನು ಅವಳ ಮುಂದೆ ಚಾಚಿದ. "ಹಿಡ್ಕೋ. ಅವನು ಚುಚ್ಚೋವರೆಗೂ ಅಲ್ಲಾಡದ ಹಾಗೆ ನೀನೇ ಹಿಡ್ಕೋ. ಬುದ್ಧಿ ಬರ್ಲಿ."

"ಇಲ್ಲ," ಎಂದಳು ಅವಳು.

ಒಂಬತ್ತನೆಯ ವರ್ಷದ ನಂತರ ಆ ಮನೆಯಲ್ಲಿ ಅವಳ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು. ಅಣ್ಣನಿಗೆ ಕೂಡಲೇ ಅರ್ಥವಾಗಲಿಲ್ಲ.

"ರೋಗ ಇಲ್ಲದ ನಾಯಿಗೆ ನಾನು ಸೂಜಿ ಹಾಕಲ್ಲ," ಎಂದ ಕಂಪೌಂಡರ್. "ಡಾಕ್ಟರಿಗೆ ಹೇಳಿ, ದೊಡ್ಡೋರಿಗೆ ಹೇಳಿ. ಹಾಕಲ್ಲ."

"ಹಾಗಾದ್ರೆ ಇಬ್ಬರನ್ನೂ ಎಳ್ಕೊಂಡು ಹೋಗು. ನಾರೋದು ಇಬ್ಬರೂ ಒಂದೇ."

ಅದು ಬೈಗುಳವಾಗಿತ್ತು. ಅವಳು ಅದನ್ನು ಅಪ್ಪಣೆಯ ಹಾಗೆ ತೆಗೆದುಕೊಂಡಳು. ಅಣ್ಣನ ಕೈಯಿಂದ ಹಗ್ಗ ಬಿಡಿಸಿಕೊಂಡು ಗೇಟಿನ ಕಡೆ ನಡೆದಳು. ಹಿಂದಿನಿಂದ ಅತ್ತಿಗೆ, "ಸಂಜೆ ಅಡುಗೆಗೆ ಯಾರು?" ಎಂದದ್ದು ಕೇಳಿಸಿತು.

ರಸ್ತೆಯಲ್ಲಿ ಗುಳುಮ ಅವಳ ಪಕ್ಕದಲ್ಲಿ ನಡೆಯಲಿಲ್ಲ. ಹಗ್ಗ ಎಷ್ಟು ಉದ್ದವಿತ್ತೋ ಅಷ್ಟು ದೂರ ಸರಿದು, ಕಂಪೌಂಡರನ ಸೈಕಲ್ಲಿನ ಆಚೆ ಬದಿಗೆ ನಡೆದ.

"ನಿಮ್ಮಣ್ಣ ಎತ್ತಿದಾಗ ನಗ್ತಿದ್ದ," ಎಂದ ಕಂಪೌಂಡರ್. "ನೀವು ಅಳ್ತಿದ್ರಿ. ಅದು ಕಾಣಿಸಿತ್ತು. ಕಂಡೂ ಆ ಮಾತು ಆಡ್ದೆ."

"ಗುಳುಮನಿಗೆ ಎರಡೂ ಒಂದೇ," ಎಂದಳು. "ಅತ್ರೂ ನಕ್ರೂ ಅನ್ನ ಹೋಯ್ತಲ್ಲ."

ಆಸ್ಪತ್ರೆಯ ಹಿಂದಿದ್ದ ತನ್ನ ಮನೆಯ ಹತ್ತಿರ ಬಂದಾಗ ಅವನು ನಿಂತ. "ಅಮ್ಮ ಇದ್ದಾರೆ. ಅವರ ಕೋಣೇಲಿ ಇರಿ. ಆಸ್ಪತ್ರೇಲಿ ಕೊಟ್ಟಿಗೆ ತೊಳೆಯೋರು ಬೇಕು, ಸಂಬಳ ನಿಮ್ಮ ಕೈಗೇ ಬರುತ್ತೆ. ಇನ್ನೊಂದು ಮಾತು ಕೇಳೋದಿದೆ. ಇವತ್ತು ಕೇಳಲ್ಲ. ಇವತ್ತು ಕೇಳಿದ್ರೆ, ಹೋಗೋಕೆ ಬೇರೆ ಜಾಗ ಇಲ್ಲ ಅಂತ ಹೂಂ ಅಂದ್ಬಿಡ್ತೀರಿ."

"ಯಾವಾಗ ಕೇಳ್ತೀರಿ?"

"ನಿಮಗೆ ಬೇಡ ಅನ್ನೋಕಾಗೋ ಹಾಗಾದ ಮೇಲೆ."

*

ಮೂರು ದಿನ ಕಿತ್ತುಕೊಂಡದ್ದನ್ನು ಸರಿಪಡಿಸಲು ಆರು ವಾರ ಹಿಡಿಯಿತು. ಕಂಪೌಂಡರನ ಕೈಯಿಂದ, ಅವನ ಅಮ್ಮನ ಕೈಯಿಂದ ಗುಳುಮ ತಿನ್ನುತ್ತಿದ್ದ. ಅವಳ ಕೈ ಕಂಡರೆ ಬೋಗುಣಿಯ ಮೇಲೆ ಮೈಯೆಲ್ಲ ಬಗ್ಗಿಸಿ ಗಬಗಬ ನುಂಗುತ್ತಿದ್ದ. ಅವಳು ದಿನಾ ಅಷ್ಟು ದೂರದಿಂದ ಒಂದು ಚೂರು ಹಾಕಿ ಎದ್ದು ಹೋಗುತ್ತಿದ್ದಳು. ನಡುವೆ ಒಂದು ದಿನ, ಅಣ್ಣ ಮಿಲ್ಲಿನ ಅಂಗಳದಲ್ಲಿ ಹೊಸ ಮರಿಯೊಂದನ್ನು ಕಟ್ಟಿದ್ದಾನೆ ಎಂಬ ಸುದ್ದಿ ಬಂತು. ಅವತ್ತು ಅವಳಿಗೆ ಊಟ ಸೇರಲಿಲ್ಲ. ಯಾರಿಗೂ ಏನೂ ಮಾಡಲಾಗಲಿಲ್ಲ.

ಆರನೆಯ ವಾರದ ಒಂದು ಬೆಳಿಗ್ಗೆ ಅವಳು ಚೂರು ಹಾಕಿದಾಗ ಗುಳುಮ ಅಗಿಯುವುದನ್ನು ನಿಲ್ಲಿಸಿ, ಒದ್ದೆ ಮೂಗಿನಿಂದ ಅವಳ ಬೆರಳುಗಳನ್ನು ಒಂದೊಂದಾಗಿ ಮೂಸಿದ. ಆಮೇಲೆ ನಿಧಾನವಾಗಿ ಊಟ ಮುಂದುವರಿಸಿದ.

ಅವಳು ಕೈಯನ್ನು ಹಾಗೇ ಬಿಟ್ಟು ಕೂತಳು. ಬಾಗಿಲಲ್ಲಿ ಕಂಪೌಂಡರ್ ನಿಂತದ್ದು ಗೊತ್ತಿತ್ತು.

"ಕೇಳಿ," ಎಂದಳು, ತಿರುಗದೆ.

"ಈಗ ಬೇಡ ಅನ್ನಬಹುದಲ್ಲ ನೀವು?"

"ಅನ್ನಬಹುದು. ಹೋಗೋದಾದ್ರೆ ಪೇಟೇಲಿ ಒಂದು ಕೋಣೆ ನೋಡಿದ್ದೀನಿ. ಕೇಳಿ."

ಅವನು ಬಾಗಿಲ ಚೌಕಟ್ಟು ಹಿಡಿದುಕೊಂಡ. "ನನ್ನನ್ನ ಮದುವೆ ಆಗ್ತೀರಾ?"

"ಹೂಂ."

"ಇನ್ನೊಂದು ಸಲ ಯೋಚನೆ ಮಾಡಿ ಹೇಳಿ. ಅವಸರ ಇಲ್ಲ."

"ನನಗೆ ಅವಸರ ಇದೆ," ಎಂದಳು ಅವಳು. "ಬನ್ನಿ, ಇಲ್ಲಿ ಕೂತ್ಕೊಳ್ಳಿ."