ಬಣ್ಣ ಬಳಿದ ಮೇಲೆ ಕೇಳಿದ ಪ್ರಶ್ನೆ

ಕಾಲೇಜಿನ ಕ್ಯಾಂಟೀನಿನಲ್ಲಿ ಅವನು ಮೊದಲ ಸಲ ಕಾಫಿಗೆ ಕರೆದಾಗ ಅವಳು ಕೊಟ್ಟ ಉತ್ತರ ಕೇಳಿ, ತನ್ನನ್ನು ಕೆಲಸದಿಂದ ತೆಗೆದರೇನೋ ಎಂದು ಅವನಿಗೆ ಅನ್ನಿಸಿತು.

"ನೀವು ಕೇಳಿದ್ದು ಸಂತೋಷ," ಎಂದಿದ್ದಳು, ಕಣ್ಣಲ್ಲಿ ಕಣ್ಣಿಟ್ಟು, ಮೆತ್ತಗೆ. "ಆದ್ರೆ ಈಗಿನ ಪರಿಸ್ಥಿತಿಯಲ್ಲಿ ಸಾಧ್ಯ ಆಗ್ತಿಲ್ಲ. ದಯವಿಟ್ಟು ಇದನ್ನ ನಿಮ್ಮ ಯೋಗ್ಯತೆಗೆ ಸಂಬಂಧಿಸಿದ್ದು ಅಂದ್ಕೋಬೇಡಿ."

ಅವನು ಕೈಲಿದ್ದ ಲೋಟ ತೋರಿಸಿದ. "ಮೇಡಂ, ನಾನು ಕೇಳಿದ್ದು ಕಾಫಿ. ಸಕ್ಕರೆ ಬೇಡ ಅಂದ್ರೆ ಹಾಗೂ ಸಿಗುತ್ತೆ."

ತಪ್ಪು ಅವಳದಲ್ಲ, ದನಿಯದು. ಎಂ.ಬಿ.ಎ.ಗೆ ಸೇರುವ ಮುಂಚೆ ಅವಳು ದೊಡ್ಡ ಕಂಪನಿಯೊಂದರ ಎಚ್.ಆರ್.ನಲ್ಲಿದ್ದಳು. ಕಂಪನಿ ಕರಗತೊಡಗಿದಾಗ ಗಾಜಿನ ಕೋಣೆಯಲ್ಲಿ ಕೂತು, ಬಂದವರಿಗೆಲ್ಲ ನಾಳೆಯಿಂದ ಬರಬೇಡಿ ಎಂದು ಹೇಳುವ ಕೆಲಸ ಅವಳ ತಲೆಗೆ ಬಿತ್ತು. ಅಚ್ಚುಕಟ್ಟಾಗಿ ಮಾಡಿದಳು. ಯಾರೂ ಕೂಗಾಡಲಿಲ್ಲ; ಕೆಲವರು ಥ್ಯಾಂಕ್ಸ್ ಕೂಡ ಹೇಳಿ ಹೋದರು. ಕೊನೆಯವನು ಎದ್ದುಹೋದ ಮೇಲೆ ಆ ದನಿ ಗಂಟಲಲ್ಲೇ ಉಳಿಯಿತು, ಮಿಕ್ಕಿದ್ದೆಲ್ಲ ಎಲ್ಲಿಗೋ ಹೋಯಿತು. ಅಳು ಬರುತ್ತಿರಲಿಲ್ಲ, ನಗುವೂ ಅಷ್ಟಕ್ಕಷ್ಟೆ. ಹಲ್ಲು ಕೀಳಿಸಿಕೊಂಡ ದಿನ ಕೆನ್ನೆ ಇರುತ್ತದಲ್ಲ, ಹಾಗೆ: ಮುಟ್ಟಿದರೆ ಇದೆ, ಆದರೆ ಯಾರದೋ.

ಅವಳು ಕಾರ್ಪೊರೇಟ್ ಸಾಮಾಜಿಕ ಹೊಣೆಗಾರಿಕೆಯನ್ನು ಮುಖ್ಯ ವಿಷಯವಾಗಿ ಆರಿಸಿಕೊಂಡಾಗ ಅಕ್ಕ ಫೋನಿನಲ್ಲಿ, "ಜನರನ್ನ ಮನೆಗೆ ಕಳಿಸೋದಕ್ಕೆ ಒಂದು ಡಿಗ್ರಿ ಆಯ್ತು, ಕಣ್ಣೀರು ಒರೆಸೋದಕ್ಕೆ ಇನ್ನೊಂದಾ? ಓದು ತಾಯಿ, ಓದು," ಎಂದಳು.

ಅವನನ್ನು ಕ್ಲಾಸಿನವರು 'ಬಣ್ಣ' ಎಂದೇ ಕರೆಯುತ್ತಿದ್ದರು. ಪೇಂಟ್ ಕಂಪನಿಯೊಂದು ರಜೆ ಕೊಟ್ಟು ಓದಲು ಕಳಿಸಿತ್ತು. ಬಾಯಿಗೆ ಬಿಡುವಿಲ್ಲದ ಮನುಷ್ಯ. ಕೊನೆಯ ಪ್ರಾಜೆಕ್ಟಿಗೆ ಇಬ್ಬರನ್ನೂ ಜೋಡಿ ಮಾಡಿದ ಪ್ರೊಫೆಸರ್, "ಇವರು ಬಾಯಿ ಬಿಡಲ್ಲ, ಇವನು ಮುಚ್ಚಲ್ಲ. ಸರಾಸರಿ ಸರಿಹೋಗುತ್ತೆ," ಎಂದರು.

ಪ್ರಾಜೆಕ್ಟು ಸರಳವಾಗಿತ್ತು. ಊರಂಚಿನ ಶಾಲೆಯೊಂದರ ಹಳೇ ಗೋಡೆಗಳಿಗೆ ಅವನ ಕಂಪನಿ ಬಣ್ಣ ಕೊಡುತ್ತದೆ. ಅದರಿಂದ ಮಕ್ಕಳಿಗೆ ಶಾಲೆ ಹೆಚ್ಚು ಇಷ್ಟವಾಗುತ್ತದೆಯೇ ಎಂದು ಇವರು ಅಳೆದು ಹೇಳಬೇಕು. ಕೆಲಸಗಾರರ ಜೊತೆ ತಾನೂ ಬ್ರಷ್ ಹಿಡಿಯುತ್ತೇನೆಂದು ಅವನು ಏಣಿ ಹತ್ತಿದ. ಅವಳು ಕೆಳಗೆ ನಿಂತಳು.

"ಏಣಿ ಹಿಡ್ಕೊಂಡಿದ್ದೀರಾ, ಒರಗಿಕೊಂಡಿದ್ದೀರಾ?"

"ಎರಡೂ."

"ಬಿದ್ರೆ?"

"ಪಕ್ಕಕ್ಕೆ ಸರೀತೀನಿ."

ಅವನು ನಕ್ಕ ರಭಸಕ್ಕೆ ಹಳದಿಯ ಹನಿಯೊಂದು ಅವಳ ಮಣಿಕಟ್ಟಿನ ಮೇಲೆ ಬಿತ್ತು. ಇಳಿದು ಬಂದು ಕರ್ಚೀಫಿನಿಂದ ಒರೆಸಿದ. ಹನಿ ಹೋದ ಮೇಲೂ ಒರೆಸುತ್ತಿದ್ದ. ಅದು ತನಗೆ ಗೊತ್ತಾಗಿದೆ ಎಂದು ಅವಳು ತೋರಿಸಲಿಲ್ಲ. ಅವಳಿಗೆ ಗೊತ್ತಾಗಿದೆ ಎಂದು ಗೊತ್ತಾದರೂ ಅವನು ನಿಲ್ಲಿಸಲಿಲ್ಲ.

"ಉರೀತಿದೆಯಾ?"

"ಇಲ್ಲ."

"ಮತ್ತೇನಾಗ್ತಿದೆ?"

"ಏನೂ ಇಲ್ಲ."

ನಾಚಿಕೆಗೆ ಹೇಳಿದ ಮಾತಾಗಿದ್ದರೆ ಕಥೆ ಬೇಗ ಮುಗಿಯುತ್ತಿತ್ತು. ಅದು ನಿಜವಾಗಿತ್ತು.

ಗೋಡೆ ಒಣಗಿದ ಮೇಲೆ ಪ್ರೊಫೆಸರ್ ವರದಿ ತಿರುವಿ ಹಾಕಿ, ಕನ್ನಡಕ ತೆಗೆದರು. "ಮಕ್ಕಳಿಗೆ ಶಾಲೆ ಇಷ್ಟ ಅಂತ ಬರೆದಿದ್ದೀರಿ. ಮುಂಚೆ ಇಷ್ಟ ಇತ್ತೋ ಇಲ್ವೋ? ಬಳಿಯೋದಕ್ಕೆ ಮೊದಲು ಕೇಳಿದ್ರಾ? ಹೋಲಿಸೋದಕ್ಕೆ ಮೊದಲಿನ ಅಳತೆ, ಬೇಸ್‌ಲೈನ್, ಎಲ್ಲಿ?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು.

"ಇವರು ಕೇಳಿರ್ತಾರೆ ಅಂದ್ಕೊಂಡೆ," ಎಂದ ಅವನು.

"ನಾನೂ," ಎಂದಳು ಅವಳು.

"ಮತ್ತೆ ಇಷ್ಟು ದಿನ ಇಬ್ಬರೂ ಏನನ್ನ ನೋಡ್ತಾ ಇದ್ರಿ?" ಪ್ರೊಫೆಸರ್ ನಿಜವಾಗಿಯೂ ತಿಳಿದುಕೊಳ್ಳಲೆಂದೇ ಕೇಳಿದರು.

ಪದವಿಯೇನೋ ಸಿಕ್ಕಿತು, ಪ್ರಾಜೆಕ್ಟಿಗೆ ಕನಿಷ್ಠ ಅಂಕದ ಜೊತೆ. ಇನ್ನೊಂದು ಶಾಲೆಯಲ್ಲಿ ಮೊದಲಿಂದ, ಕ್ರಮವಾಗಿ ಮಾಡುವುದಾದರೆ ಕಾಲೇಜಿನಲ್ಲೇ ಒಂದು ವರ್ಷ ಸಂಶೋಧನೆಯ ಕೆಲಸ ಕೊಡುತ್ತೇನೆಂದು ಪ್ರೊಫೆಸರ್ ಇಬ್ಬರಿಗೂ ಹೇಳಿದರು. ಅವಳು ಒಪ್ಪಿಕೊಂಡಳು. ಅವನಿಗೆ ಕಂಪನಿಯಿಂದ ಕರೆ ಬಂದಿತ್ತು: ದೂರದ ಊರಿನ ಮುಖ್ಯ ಕಚೇರಿ, ದೊಡ್ಡ ಕುರ್ಚಿ. ಇವತ್ತು ಸಂಜೆ ಬಾಸ್ ಫೋನ್ ಮಾಡುತ್ತಾರೆ, ಬರುತ್ತಾನೋ ಇಲ್ಲವೋ ಹೇಳಿಬಿಡಬೇಕು.

ಕಾಲೇಜಿನ ಹೊರಮೆಟ್ಟಿಲ ಮೇಲೆ ಅವನು ಫೋನನ್ನು ಪಕ್ಕಕ್ಕಿಟ್ಟುಕೊಂಡು ಕೂತಿದ್ದ. ಅವಳು ಕಂಬಕ್ಕೆ ಒರಗಿ ನಿಂತಿದ್ದಳು.

"ಸುತ್ತಿ ಬಳಸಿ ಹೇಳೋಕೆ ನನಗೆ ಬರಲ್ಲ," ಎಂದ.

"ಬರುತ್ತೆ. ಎರಡು ವರ್ಷ ಕೇಳಿದ್ದೀನಿ."

"ಸರಿ. ನೀವು ಇರಿ ಅಂದ್ರೆ ಇರ್ತೀನಿ. ಕೆಲಸಕ್ಕಲ್ಲ, ನಿಮಗೋಸ್ಕರ."

ಅವಳು ತನ್ನೊಳಗೆ ಕಿವಿಗೊಟ್ಟಳು. ಖಾಲಿ ಮನೆಯ ಬಾಗಿಲು ಬಡಿದಂತೆ. ಯಾರೂ ಬರಲಿಲ್ಲ.

"ನನಗೆ ಏನೂ ಅನ್ನಿಸ್ತಿಲ್ಲ," ಎಂದಳು. "ಮುಚ್ಚಿಟ್ಟು ಹೇಳ್ತಿಲ್ಲ. ಅನ್ನಿಸದೇ ಇರಿ ಅಂದ್ರೆ ಮೋಸ ಆಗುತ್ತೆ. ಅಂಥ ಮಾತು ಬೇಕಾದಷ್ಟು ಜನಕ್ಕೆ ಹೇಳಿದ್ದೀನಿ."

"ಒಂಚೂರೂ? ಮೊದಲಿಗಿಂತ ಒಂಚೂರೂ ಬದಲಾಗಿಲ್ವಾ?"

"ಮೊದಲು ಹೇಗಿತ್ತು ಅಂತ ಅಳೆದಿಟ್ಟುಕೊಂಡಿಲ್ವಲ್ಲ."

"ಇದಕ್ಕೂ ಬೇಸ್‌ಲೈನ್ ಮಾಡ್ಲಿಲ್ಲ ನಾವು," ಎಂದು ಅವನು ತಲೆ ಚಚ್ಚಿಕೊಂಡ. "ಇರ್ಲಿ, ಈಗ ಮಾಡೋಣ. ನಾನು ಕ್ಲಾಸಿಗೆ ಬರದ ದಿನ ನೀವು ಏನು ಮಾಡ್ತಿದ್ರಿ?"

"ಏನೂ ಇಲ್ಲ. ನಿಮ್ಮ ಕುರ್ಚಿ ಮೇಲೆ ನನ್ನ ಬ್ಯಾಗ್ ಇಡ್ತಿದ್ದೆ."

"ಯಾಕೆ?"

"ಇನ್ಯಾರಾದ್ರೂ ಕೂತ್ಬಿಡ್ತಾರಲ್ಲ."

ಅವನು ಮೆಲ್ಲಗೆ ಕತ್ತೆತ್ತಿದ.

"ಬರದೇ ಇದ್ದೋರ ಕುರ್ಚಿ ಮೇಲೆಲ್ಲ ಇಡ್ತೀರಾ?"

"ಇರೋದು ಒಂದೇ ಬ್ಯಾಗು."

ಫೋನು ಮೆಟ್ಟಿಲ ಮೇಲೆ ಗುರುಗುಟ್ಟಿತು. ಅವನು ಎತ್ತಿಕೊಳ್ಳಲಿಲ್ಲ, ಅವಳನ್ನೇ ನೋಡುತ್ತಿದ್ದ. ಮಾತಾಡದೆಯೂ ಇರಬಲ್ಲ ಎಂದು ಅವಳಿಗೆ ಅವತ್ತೇ ತಿಳಿದದ್ದು. ಒಳಗೆ ಈಗಲೂ ಯಾರೂ ಬಾಗಿಲು ತೆಗೆದಿರಲಿಲ್ಲ. ಆದರೆ ಅವನು ಎದ್ದುಹೋದರೆ ಈ ಮೆಟ್ಟಿಲು ಹೇಗೆ ಕಾಣುತ್ತದೆ ಎಂಬುದು ಮಾತ್ರ ಅವಳಿಗೆ ಸ್ಪಷ್ಟವಾಗಿ ಕಂಡಿತು. ನೋಡಲು ಇಷ್ಟವಾಗಲಿಲ್ಲ.

"ಇರಿ," ಎಂದಳು.

ಅವನು ಫೋನೆತ್ತಿದ. ಬರಲು ಆಗುವುದಿಲ್ಲವೆಂದ, ಕ್ಷಮೆ ಕೇಳಿದ, ಆ ಕಡೆಯ ದೊಡ್ಡ ಗಂಟಲನ್ನು ತಾಳ್ಮೆಯಿಂದ ಕೇಳಿಸಿಕೊಂಡ. ಆಮೇಲೆ ಫೋನಿಗೆ ಅಂಗೈ ಅಡ್ಡ ಹಿಡಿದು ಪಿಸುಗುಟ್ಟಿದ: "ಕಾರಣ ಬೇಕಂತೆ."

"ವೈಯಕ್ತಿಕ ಅಂತ ಹೇಳಿ. ಯಾವ ಎಚ್.ಆರ್.ನವರೂ ಮುಂದಕ್ಕೆ ಕೇಳಲ್ಲ."

"ವೈಯಕ್ತಿಕ, ಸರ್," ಎಂದ ಅವನು, ಅವಳ ಮುಖದಿಂದ ಕಣ್ಣು ತೆಗೆಯದೆ.

ಎಷ್ಟೋ ಜನರ ಫೈಲಿನಲ್ಲಿ ಅವಳು ಆ ಪದ ಟೈಪ್ ಮಾಡಿದ್ದಳು. ಅದರ ಹಿಂದೆ ಹೀಗೊಂದು ಮೆಟ್ಟಿಲು, ಅದರ ಮೇಲೆ ಯಾರೋ ಒಬ್ಬರು ಇರುತ್ತಾರೆಂದು ಒಮ್ಮೆಯೂ ಯೋಚಿಸಿರಲಿಲ್ಲ. ಬಾಸ್ ಇನ್ನೂ ಮಾತಾಡುತ್ತಲೇ ಇದ್ದರು. ಅವನು ಹೂಂಗುಟ್ಟುತ್ತ ಒಂದಿಷ್ಟು ಪಕ್ಕಕ್ಕೆ ಸರಿದ. ಅವಳು ಕಂಬ ಬಿಟ್ಟು ಬಂದು ಕೂತಳು.