ಮುನಿದ ಸೂಜಿ

ಗುಡ್ಡಗಳೆಲ್ಲ ಕಬ್ಬಿಣದ್ದೇ ಆಗಿದ್ದ ಕಾಲದಲ್ಲಿ ಕರಿಗುಡ್ಡವೆಂಬ ರಾಜ್ಯವಿತ್ತು. ಅಲ್ಲಿ ಮದುವೆಯ ದಿನ ಒಂದು ಸೂಜಿಗಲ್ಲನ್ನು ಎರಡಾಗಿ ಒಡೆದು, ಗಂಡಿನ ಕೊರಳಿಗೆ ಒಂದು ಚೂರು, ಹೆಣ್ಣಿನ ಕೊರಳಿಗೆ ಒಂದು ಚೂರು ಕಟ್ಟುವರು. ಒಡೆದರೇನು, ಪ್ರತಿ ಚೂರಿಗೂ ಎರಡು ಧ್ರುವ ಇದ್ದೇ ಇರುತ್ತವೆ. ದಾರದಲ್ಲಿ ತೂಗಿಬಿಟ್ಟಾಗ ಉತ್ತರಕ್ಕೆ ನಿಲ್ಲುವ ತುದಿಗೆ ಕುಂಕುಮ, ದಕ್ಷಿಣಕ್ಕೆ ನಿಲ್ಲುವ ತುದಿಗೆ ಅರಿಶಿನ. ಕುಂಕುಮಕ್ಕೆ ಅರಿಶಿನ ಹಿಡಿದರೆ ಟಕ್ಕನೆ ಅಂಟುತ್ತವೆ. ಕುಂಕುಮಕ್ಕೆ ಕುಂಕುಮವನ್ನೇ ಹಿಡಿದರೆ ಒಂದನ್ನೊಂದು ದೂಡುತ್ತವೆ.

ಆ ರಾಜ್ಯದ ಕಮ್ಮಾರ ಮೋನಪ್ಪ, ಅವನ ಹೆಂಡತಿ ಕಾಳವ್ವ. ಮೋನಪ್ಪನಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಗಂಡಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಆದರೆ ಒಂದು ದಿನ ರೊಟ್ಟಿ ಸೀದಿತೆಂದು ಜಗಳವಾಗಿ, ಮೋನಪ್ಪ ಉಣ್ಣದೆಯೇ ಮುಖ ತಿರುಗಿಸಿ ಗುಡ್ಡಕ್ಕೆ ಹೋದ. ಮತ್ತೆ ಬರಲಿಲ್ಲ.

ಗುಡ್ಡದ ಗವಿಯಲ್ಲಿ ತುಕ್ಕಾಸುರನೆಂಬ ಮಾಂತ್ರಿಕನಿದ್ದ. ಸೂರ್ಯನನ್ನು ಮುಚ್ಚುವಷ್ಟು ದೊಡ್ಡ ಕಂಬಳಿ ಹೊಲಿಯಲು ಅವನು ಕಮ್ಮಾರರನ್ನೆಲ್ಲ ಹಿಡಿದು ಮಂತ್ರ ಹಾಕಿ ಅವರನ್ನೇ ಸೂಜಿಗಳನ್ನಾಗಿ ಮಾಡುತ್ತಿದ್ದ. ಮೊದಲ ಮಳೆ ಬಿದ್ದರೆ ಆ ಸೂಜಿಗಳಿಗೆ ತುಕ್ಕು ಹಿಡಿಯುತ್ತಿತ್ತು. ತುಕ್ಕು ಹಿಡಿದರೆ ಪ್ರಾಣ ಹೋದಂತೆಯೇ. ಮೋನಪ್ಪನೂ ಅವನ ಕೈಗೆ ಸಿಕ್ಕನೆಂಬ ಸುದ್ದಿ ಊರಿಗೆ ಬಂತು.

ಕಾಳವ್ವ ದಿನವೂ ಎರಡು ತಟ್ಟೆ ಹಾಕಿ ಒಂದರಲ್ಲಿ ಉಂಡಳು. "ಸಿಟ್ಟರ ಮಾಡಲಿ, ಬೈಲಿ, ಎದುರಿಗಿದ್ರ ಸಾಕು" ಎಂದು ಕೊರಗಿದಳು. ಮುಗಿಲಲ್ಲಿ ಮೋಡ ಕಂಡ ದಿನ ತಡೆಯಲಾಗದೆ, ರೊಟ್ಟಿ ಬುತ್ತಿ ಕಟ್ಟಿಕೊಂಡು ಗವಿಗೆ ನಡೆದಳು.

"ನನ್ನ ಗಂಡನ್ನ ಕೊಡು" ಎಂದಳು.

ತುಕ್ಕಾಸುರ ನಕ್ಕ. "ಹುಡುಕಿಕೋ. ಮೂರು ಪಂಥ. ಒಂದರಲ್ಲಿ ಸೋತರೂ ನೀನೂ ಸೂಜಿ."

ಮೊದಲ ಪಂಥಕ್ಕೆ ಒಂದು ರಾಶಿ ಸುರಿದ. ಚಿನ್ನ, ಬೆಳ್ಳಿ, ತಾಮ್ರ, ಕಬ್ಬಿಣ, ಎಲ್ಲ ಸೂಜಿಗೂ ಮಸಿ ಬಳಿದಿದ್ದ. "ಕಬ್ಬಿಣದವನ್ನು ಬೇರೆ ಮಾಡು." ಕಾಳವ್ವ ಕೊರಳ ಕಲ್ಲನ್ನು ರಾಶಿಯ ಮೇಲೆ ಆಡಿಸಿದಳು. ಚಿನ್ನ ಕದಲಲಿಲ್ಲ, ಬೆಳ್ಳಿ, ತಾಮ್ರ ಕದಲಲಿಲ್ಲ. ನೂರು ಕಬ್ಬಿಣದ ಸೂಜಿಗಳು ಮಾತ್ರ ಹಾರಿ ಬಂದು ಅಂಟಿದವು.

ಎರಡನೆಯ ಪಂಥಕ್ಕೆ ಆ ನೂರನ್ನೂ ವಿಷದ ನೀರು ತುಂಬಿದ ಗಾಜಿನ ಹೂಜಿಗೆ ಹಾಕಿದ. "ನೀರು ಮುಟ್ಟದೆ, ಹೂಜಿ ಬಗ್ಗಿಸದೆ ತೆಗಿ." ಕಾಳವ್ವ ಕಲ್ಲನ್ನು ಹೂಜಿಯ ಹೊರಮೈಗೆ ಒತ್ತಿ ಮೆಲ್ಲನೆ ಮೇಲಕ್ಕೆಳೆದಳು. ಗಾಜು ಅಡ್ಡವಾಗಲಿಲ್ಲ, ನೀರು ಅಡ್ಡವಾಗಲಿಲ್ಲ. ಸೂಜಿಗಳು ಒಳಗೋಡೆ ಹತ್ತಿ ಹೊರಗೆ ಬಿದ್ದವು.

ತುಕ್ಕಾಸುರ ಹಲ್ಲು ಕಡಿದ. ನೂರು ಸೂಜಿಯನ್ನೂ ಬಂಡೆಯ ಮೇಲೆ ಸಾಲಾಗಿ ಇಟ್ಟ. "ಇವರಲ್ಲಿ ನಿನ್ನವನು ಯಾರು? ಒಂದೇ ಒಂದನ್ನು ಎತ್ತು."

ಹೊರಗೆ ಗುಡುಗಿತು. ಕಾಳವ್ವ ಕಲ್ಲಿನ ಅರಿಶಿನದ ತುದಿಯನ್ನು ಸಾಲಿನ ಎದುರು ಹಿಡಿದು ನಡೆದಳು. ಮೊದಲನೆಯದು ಕಲ್ಲಿನತ್ತ ಸರಿದು ಬಂತು, ಎರಡನೆಯದು ಬಂತು, ನೂರಕ್ಕೆ ನೂರೂ ಬಂದವು. ಅವಳಿಗೆ ಅಳುವೇ ಬಂತು. "ಕರೆದ್ರ ಎಲ್ಲಾರೂ ಬರ್ತಾರಲ್ಲೋ ಯಪ್ಪಾ! ಇದರಾಗ ನನ್ನಾಂವ ಯಾರು?"

ಆಗ ಅವಳಿಗೆ ನೆನಪಾಯಿತು: ತನ್ನವನು ಕರೆದ ಕೂಡಲೇ ಬರುವವನೇ ಅಲ್ಲ! ಮೇಲಾಗಿ ಅವನ ಕೊರಳಲ್ಲಿ ಸೂಜಿಗಲ್ಲಿತ್ತು. ಅವನು ಸೂಜಿಯಾದಾಗ ಕಲ್ಲಿನ ಗುಣ ಅವನ ಜೊತೆಗೇ ಹೋಗಿರಬೇಕು. ಬರೀ ಕಬ್ಬಿಣ ಯಾವ ತುದಿ ತೋರಿಸಿದರೂ ಬರುತ್ತದೆ. ದೂರ ಸರಿಯುವುದು ಮತ್ತೊಂದು ಸೂಜಿಗಲ್ಲು ಮಾತ್ರ.

ಅವಳು ಕಣ್ಣೊರೆಸಿಕೊಂಡು ಕಲ್ಲನ್ನು ತಿರುಗಿಸಿದಳು. ಕುಂಕುಮದ ತುದಿ ಹಿಡಿದು ಮತ್ತೆ ಸಾಲಿನುದ್ದಕ್ಕೂ ನಡೆದಳು. ಮೊದಲನೆಯದು ಬಂತು. ಎರಡನೆಯದು ಬಂತು. ಎಪ್ಪತ್ತನೆಯದರ ಎದುರು ಕೈ ನಿಂತಿತು. ಆ ಸೂಜಿ ಸರ್ರನೆ ಹಿಂದೆ ಸರಿದು ಬೆನ್ನು ತಿರುಗಿಸಲು ನೋಡುತ್ತಿತ್ತು.

"ಇನ್ನೂ ಹೋಗಿಲ್ಲೇನು ನಿನ್ನ ಸಿಟ್ಟು?" ಎಂದು ಅಳುತ್ತಲೇ ನಕ್ಕು, ಕಾಳವ್ವ ಅದನ್ನೇ ಎತ್ತಿ ಎದೆಗೊತ್ತಿಕೊಂಡಳು.

ಮಾಯೆ ಮುರಿಯಿತು. ಉಳಿದ ತೊಂಬತ್ತೊಂಬತ್ತು ಸೂಜಿಗಳೂ ಕಮ್ಮಾರರಾಗಿ ಮೈಮುರಿದು ಎದ್ದರು. ಮಳೆ ಹನಿ ಬಿದ್ದದ್ದೇ, ಮಾಡಿದ ಮಾಯೆ ತನಗೇ ತಿರುಗಿ ಬಡಿದು, ತುಕ್ಕಾಸುರ ತಾನೇ ತುಕ್ಕು ಹಿಡಿದು ಪುಡಿಯಾದ. ಮೋನಪ್ಪ ಎದುರಿಗೆ ನಿಂತಿದ್ದ, ಮುಖ ಮಾತ್ರ ಅತ್ತ ಕಡೆಗೆ.

"ರೊಟ್ಟಿ ತಂದೀಯೇನು?" ಎಂದ.

"ತಂದೀನಿ. ಸೀದಾವ."

"ಸೀದ್ರ ಸೀಲಿ, ಕೊಡು."

ಅವನು ಇತ್ತ ತಿರುಗಿದ. ಇಬ್ಬರ ಕೊರಳ ಕಲ್ಲುಗಳೂ ಟಕ್ಕನೆ ಕೂಡಿದವು. ಅವರು ಆ ರೊಟ್ಟಿ ಉಂಡು ನೂರು ಕಾಲ ಬಾಳಿದರು. ಜಗಳ ಬಿಡಲಿಲ್ಲ, ಆದರೆ ಉಣ್ಣದೆ ಮಾತ್ರ ಯಾರೂ ಮನೆಯಿಂದ ಹೊರಗೆ ಹೋಗಲಿಲ್ಲ.